ಚೆಂಡು ಬೀಳಬೇಕು, ಇಳಿಯಬಾರದು

ಅನಿಮೇಷನ್ ತಂತ್ರಾಂಶದಲ್ಲಿ ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರಿನಲ್ಲಿ ಕಾಣುವ ಆ ಗೆರೆಯನ್ನು ವಸ್ತು ಸಾಗುವ ದಾರಿಯೆಂದೇ ತಿಳಿದುಕೊಳ್ಳುವವರು ಅನಿಮೇಷನ್ ಕಲಿಯುವವರಲ್ಲಿ ಬಹಳ ಮಂದಿ. ಅದು ದಾರಿಯಲ್ಲ, ಅಡ್ಡಲಾಗಿ ಕಾಲವನ್ನೂ ಲಂಬವಾಗಿ ಎತ್ತರದಂಥ ಒಂದೇ ಅಳತೆಯನ್ನೂ ಗುರುತಿಸಿದ ನಕ್ಷೆ. ಅಲ್ಲಿ ಗೆರೆಯ ಇಳಿಜಾರೇ ವೇಗ. ಆದ್ದರಿಂದ ನೆಟ್ಟಗೆ ಬೀಳುವ ಚೆಂಡಿನ ಗೆರೆಯೂ ಬಾಗಿಯೇ ಇರುತ್ತದೆ.

ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಸೊನ್ನೆಯ ಫ್ರೇಮಿನಲ್ಲಿ 4.9 ಮೀಟರ್ ಎತ್ತರಕ್ಕೂ 24ನೆಯ ಫ್ರೇಮಿನಲ್ಲಿ ನೆಲಕ್ಕೂ ಕೀಫ್ರೇಮ್ (ಆ ಕ್ಷಣದಲ್ಲಿ ವಸ್ತು ಎಲ್ಲಿರಬೇಕೆಂದು ನಾವೇ ಇಡುವ ಗುರುತು) ಇಟ್ಟೆವೆನ್ನೋಣ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಕಾಲವೇನೋ ಸರಿಯಾಗಿಯೇ ಇದೆ. ಆದರೆ ತಂತ್ರಾಂಶ ತಾನಾಗಿ ಎರಡೂ ತುದಿಗಳಲ್ಲಿ ಗೆರೆಯ ಬಾಗನ್ನು ನಿರ್ಧರಿಸುವ ಹಿಡಿಕೆಗಳಾದ ಹ್ಯಾಂಡಲ್‌ಗಳನ್ನು ಅಡ್ಡಕ್ಕೆ ಮಲಗಿಸುವುದರಿಂದ, ಚೆಂಡು ಹಗ್ಗ ಕಟ್ಟಿ ಬಾವಿಗೆ ಬಿಟ್ಟ ಕೊಡದಂತೆ ಕೊನೆಯಲ್ಲಿ ನಿಧಾನಿಸಿ ನೆಲ ಮುಟ್ಟುತ್ತದೆ. ಗೆಲಿಲಿಯೋ ಕಂಡುಕೊಂಡ ನಿಯಮದಂತೆ, ಸಮ ಅವಧಿಗಳಲ್ಲಿ ಬೀಳುವ ದೂರಗಳು 1, 3, 5, 7ರ ಅನುಪಾತದಲ್ಲಿ ಹೆಚ್ಚಬೇಕು. ಎಂದರೆ ಕೊನೆಯ ಆರು ಫ್ರೇಮುಗಳಲ್ಲಿ ಚೆಂಡು ಮೊದಲ ಆರರ ಏಳು ಪಟ್ಟು ದೂರ ಕ್ರಮಿಸಬೇಕು.

ಇದನ್ನು ಕಣ್ಣಳತೆಯಲ್ಲಿ ಸಾಧಿಸಬೇಕಿಲ್ಲ ಎಂಬುದೇ ನನಗೆ ಬಹಳ ಹಿಡಿಸಿದ ಸಂಗತಿ. ಮೊದಲ ಹ್ಯಾಂಡಲನ್ನು ಅಡ್ಡವಾಗಿಯೇ 8ನೆಯ ಫ್ರೇಮಿನವರೆಗೆ ಎಳೆದು, ಎರಡನೆಯದರ ತುದಿಯನ್ನು 16ನೆಯ ಫ್ರೇಮಿನಲ್ಲಿ ಸುಮಾರು 3.27 ಮೀಟರ್ ಎತ್ತರದಲ್ಲಿ ನಿಲ್ಲಿಸಿದರೆ, ದೊರೆಯುವುದು ಗುರುತ್ವದ ಪರವಲಯವೇ ಹೊರತು ಅದರ ಅಂದಾಜಲ್ಲ. ನೆಲ ಮುಟ್ಟುವಾಗಿನ ಇಳಿಜಾರನ್ನು ಅಳೆದರೆ ಸೆಕೆಂಡಿಗೆ 9.8 ಮೀಟರ್ ಬರುತ್ತದೆ.

ಹ್ಯಾಂಡಲ್ ಎಳೆದು ಬಾಗಿಸುವ ಈ ಬೆಜಿಯೇ ವಕ್ರರೇಖೆ ಹುಟ್ಟಿದ್ದು ಚಿತ್ರಗಳಿಗಾಗಿ ಅಲ್ಲ, ಫ್ರಾನ್ಸಿನ ಕಾರುಗಳ ಮೈಮಾಟಕ್ಕಾಗಿ. ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೋ 1959ರಲ್ಲೇ ಇದರ ಲೆಕ್ಕವನ್ನು ಕಂಡುಕೊಂಡಿದ್ದರೂ ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. ರೆನೋ ಕಂಪನಿಯ ಪಿಯೇರ್ ಬೆಜಿಯೇ ತಮ್ಮ ಕೆಲಸವನ್ನು ಪ್ರಕಟಿಸಿದರು, ಹೆಸರು ಅವರದಾಯಿತು. ಕಾರಿನ ಬಾನೆಟ್ ಹಿಂದಕ್ಕೆ ಬಾಗಬಹುದು, ಕಾಲ ಬಾಗಲಾರದು. ಹ್ಯಾಂಡಲನ್ನು ವಿಪರೀತ ಎಳೆದರೆ ಒಂದೇ ಫ್ರೇಮಿನಲ್ಲಿ ಚೆಂಡು ಎರಡು ಎತ್ತರಗಳಲ್ಲಿ ಇರಬೇಕಾದೀತು. ಅದಕ್ಕಾಗಿಯೇ ಬ್ಲೆಂಡರ್ ಅಂಥ ಹ್ಯಾಂಡಲನ್ನು ಲೆಕ್ಕದಲ್ಲಿ ಮೊಟಕುಗೊಳಿಸಿ, ಪ್ರತಿ ಫ್ರೇಮಿಗೂ ಒಂದು ಘನ ಸಮೀಕರಣವನ್ನು ಬಿಡಿಸಿ, ಆಮೇಲೆ ಎತ್ತರವನ್ನು ಹೇಳುತ್ತದೆ.

ಚೆಂಡು ಪುಟಿಯಬೇಕಾದರೆ ನೆಲದ ಕೀಫ್ರೇಮಿನ ಎರಡು ಹ್ಯಾಂಡಲ್‌ಗಳ ನಂಟನ್ನು ಮುರಿಯಲೇಬೇಕು, ಏಕೆಂದರೆ ಅಲ್ಲಿ ವೇಗದ ದಿಕ್ಕು ಥಟ್ಟನೆ ತಿರುಗುತ್ತದೆ. ಪುಟಿದ ವೇಗ ಬಿದ್ದ ವೇಗದ ಅರ್ಧವಾದರೆ ಎತ್ತರ ಕಾಲುಭಾಗಕ್ಕೆ ಇಳಿಯುತ್ತದೆ, ಮೇಲೇರುವ ಅವಧಿ ಮಾತ್ರ ಅರ್ಧವಾಗುತ್ತದೆ: ಮುಂದಿನ ಕೀಫ್ರೇಮ್ 36ನೆಯ ಫ್ರೇಮಿನಲ್ಲಿ, ಸುಮಾರು 1.2 ಮೀಟರ್ ಎತ್ತರದಲ್ಲಿ.