ಪಿಯಾನೊ ಸ್ಪರ್ಧೆಯ ಅಂಕಪಟ್ಟಿ: ಒಂದೊಂದು ನಿಯಮದ ಹಿಂದೆ ಒಂದೊಂದು ಜಗಳ

ಪೋಲೆಂಡಿನ ವಾರ್ಸಾದಲ್ಲಿ ನಡೆಯುವ ಶೋಪಾನ್ ಪಿಯಾನೊ ಸ್ಪರ್ಧೆ 2015ರಲ್ಲಿ ಮುಗಿದ ಮೇಲೆ ಸಂಘಟಕರು ತೀರ್ಪುಗಾರರ ಅಂಕಗಳನ್ನು ಹೆಸರು ಸಮೇತ ಪ್ರಕಟಿಸಿದರು. ಅಂತಿಮ ಸುತ್ತಿನಲ್ಲಿ ದಕ್ಷಿಣ ಕೊರಿಯಾದ ಸಾಂಗ್-ಜಿನ್ ಚೋಗೆ 17 ತೀರ್ಪುಗಾರರ ಪೈಕಿ ಹೆಚ್ಚಿನವರು 10ಕ್ಕೆ 9 ಅಥವಾ 10 ಕೊಟ್ಟಿದ್ದರು. ಫ್ರಾನ್ಸಿನ ಫಿಲಿಪ್ ಆಂತ್ರಮಾಂ ಕೊಟ್ಟದ್ದು 1. ಚೋ ಗೆದ್ದರು, ಅದು ಬೇರೆ ಮಾತು. ಆದರೆ 17 ಮಂದಿಯಲ್ಲಿ ಒಬ್ಬರು 9ರ ಜಾಗದಲ್ಲಿ 1 ಬರೆದರೆ ಸರಾಸರಿ 0.47ರಷ್ಟು ಕುಸಿಯುತ್ತದೆ. ಅಂತಿಮ ಸುತ್ತಿನಲ್ಲಿ ಸ್ಥಾನ ಅದಲುಬದಲಾಗಲು ಅಷ್ಟು ಸಾಕು.

ಈ ಸ್ಪರ್ಧೆಗಳ ನಿಯಮಾವಳಿ ಓದಿದರೆ ಒಣ ಕಾನೂನು ಪುಸ್ತಕದಂತೆ ಕಾಣುತ್ತದೆ. ಆದರೆ ಅದರ ಬಹುಪಾಲು ಒಂದೇ ಚಿಂತೆಯಿಂದ ಹುಟ್ಟಿದ್ದು: ತೀರ್ಪುಗಾರರನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ?

ಆಂಟನ್ ರೂಬಿನ್‌ಸ್ಟೈನ್ 1890ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆರಂಭಿಸಿದ ಸ್ಪರ್ಧೆ ಐದು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 20ರಿಂದ 26ರ ವಯಸ್ಸಿನ ಗಂಡಸರಿಗೆ ಮಾತ್ರ ಪ್ರವೇಶ. 1905ರಲ್ಲಿ ಪ್ಯಾರಿಸ್ಸಿನಲ್ಲಿ ವಿಲ್ಹೆಲ್ಮ್ ಬಾಕ್‌ಹೌಸ್ ಗೆದ್ದರು, ಬೇಲಾ ಬಾರ್ಟೋಕ್ ಎರಡನೆಯವರಾದರು. ವಾರ್ಸಾದಲ್ಲಿ ಯೆಝಿ ಝುರಾವ್ಲೆವ್ 1927ರಲ್ಲಿ ಶೋಪಾನ್ ಸ್ಪರ್ಧೆ ಕಟ್ಟಿದರು. ಅದರ ಎರಡನೇ ಆವೃತ್ತಿಯಲ್ಲೇ, 1932ರಲ್ಲಿ, ಅಲೆಕ್ಸಾಂಡರ್ ಉನಿನ್ಸ್ಕಿ ಮತ್ತು ಇಮ್ರೆ ಉಂಗಾರ್ ಸಮಸಮ ನಿಂತಾಗ ನಾಣ್ಯ ಚಿಮ್ಮಿ ಮೊದಲ ಬಹುಮಾನ ನಿರ್ಧರಿಸಬೇಕಾಯಿತು. ಸಮ ಬಂದರೆ ಏನು ಮಾಡಬೇಕು ಎಂದು ಇಂದಿನ ನಿಯಮಾವಳಿಗಳು ಮೊದಲೇ ಬರೆದಿಡುತ್ತವೆ.

1938ರಲ್ಲಿ ಬ್ರಸೆಲ್ಸ್‌ನಲ್ಲಿ ಎಮಿಲ್ ಗಿಲೆಲ್ಸ್ ಗೆದ್ದಾಗ ಆರ್ತುರೊ ಬೆನೆಡೆಟ್ಟಿ ಮಿಕೆಲಾಂಜೆಲಿ ಏಳನೆಯವರು. ಮರುವರ್ಷ ಜಿನೀವಾದಲ್ಲಿ ಅವರೇ ಪ್ರಥಮ. ಅದೇ ಮಿಕೆಲಾಂಜೆಲಿ 1955ರಲ್ಲಿ ವಾರ್ಸಾದ ತೀರ್ಪುಗಾರರಾಗಿ, ಅಶ್ಕೆನಾಝಿಗೆ ಎರಡನೇ ಸ್ಥಾನ ಕೊಟ್ಟದ್ದನ್ನು ಒಪ್ಪದೆ ತೀರ್ಪಿಗೆ ಸಹಿ ಹಾಕಲಿಲ್ಲ. 1958ರಲ್ಲಿ ಮಾಸ್ಕೋದ ಮೊದಲ ಚಾಯ್ಕೊವ್ಸ್ಕಿ ಸ್ಪರ್ಧೆಯಲ್ಲಂತೂ ಅಮೆರಿಕದ ವ್ಯಾನ್ ಕ್ಲೈಬರ್ನ್‌ಗೆ ಬಹುಮಾನ ಕೊಡಬಹುದೇ ಎಂಬ ಪ್ರಶ್ನೆ ಸೋವಿಯತ್ ನಾಯಕ ಕ್ರುಶ್ಚೇವ್‌ವರೆಗೂ ಹೋಯಿತು. ಹಿಂದಿನ ವರ್ಷವಷ್ಟೇ, 1957ರಲ್ಲಿ, ಜಿನೀವಾದಲ್ಲಿ ಅಂತಾರಾಷ್ಟ್ರೀಯ ಸಂಗೀತ ಸ್ಪರ್ಧೆಗಳ ವಿಶ್ವ ಒಕ್ಕೂಟ ಹುಟ್ಟಿತ್ತು. ಚಾಯ್ಕೊವ್ಸ್ಕಿ ಸ್ಪರ್ಧೆಯನ್ನು ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ 2022ರಲ್ಲಿ ಹೊರಹಾಕಿದ್ದು ಇದೇ ಒಕ್ಕೂಟ.

ಇಂದಿನ ಸ್ಪರ್ಧೆ ವೀಡಿಯೊದಿಂದ ಶುರುವಾಗುತ್ತದೆ. ಅರ್ಜಿಯ ಜೊತೆ ಬಂದ ವೀಡಿಯೊ ನೋಡಿ ಒಂದು ಚಿಕ್ಕ ಸಮಿತಿ ಜರಡಿ ಹಿಡಿಯುತ್ತದೆ. 2021ರಲ್ಲಿ ವಾರ್ಸಾಕ್ಕೆ 500ಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ಮುಖ್ಯ ಸುತ್ತುಗಳಲ್ಲಿ ನುಡಿಸಿದವರು ಕ್ರಮವಾಗಿ 87, 45, 23 ಮತ್ತು 12. ನಿಯಮದಲ್ಲಿ ಅಂತಿಮ ಸುತ್ತಿಗೆ 10 ಮಂದಿ ಎಂದಿತ್ತು. ಗೆರೆಯ ಮೇಲೆ ನಿಂತವರನ್ನು ಕೈಬಿಡಲು ಮನಸ್ಸಾಗದಾಗ ಸಂಖ್ಯೆ ಹೀಗೆ ಹಿಗ್ಗುತ್ತದೆ.

ವಾದ್ಯದ ಆಯ್ಕೆಯೂ ಒಂದು ಪರೀಕ್ಷೆಯೇ. ಸ್ಟೈನ್‌ವೇ, ಯಮಾಹಾ, ಶಿಗೇರು ಕವಾಯಿ, ಫಾಝಿಯೋಲಿಯಂಥ ಪಿಯಾನೊಗಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿರುತ್ತಾರೆ. ಸ್ಪರ್ಧಿಗೆ ಸಿಗುವುದು ಕಾಲು ಗಂಟೆಯ ಆಸುಪಾಸು. ತೊಂದರೆ ಏನೆಂದರೆ ಆಗ ಸಭಾಂಗಣ ಖಾಲಿ. ಜನ ತುಂಬಿದಾಗ ಮೈ-ಬಟ್ಟೆಗಳು ನಾದವನ್ನು ಹೀರುತ್ತವೆ. ಖಾಲಿಯಲ್ಲಿ ಝಗಮಗಿಸಿದ ವಾದ್ಯ ಸ್ಪರ್ಧೆಯ ದಿನ ಮಂಕಾಗಿ ಕೇಳಬಹುದು, ಖಾಲಿಯಲ್ಲಿ ಕರ್ಕಶ ಎನಿಸಿದ್ದೇ ಹದಕ್ಕೆ ಬರಬಹುದು. ಅನುಭವಿಗಳು ವೇಗದ ತುಣುಕುಗಳಲ್ಲಿ ಸಮಯ ಕಳೆಯುವುದಿಲ್ಲ. ಅತಿ ಮೆತ್ತಗಿನ ಸ್ವರಗಳು ನಿಲ್ಲುತ್ತವೆಯೇ, ಒಂದೇ ಸ್ವರವನ್ನು ಬೇಗಬೇಗ ಒತ್ತಿದಾಗ ಕೀಲಿ ಸಕಾಲಕ್ಕೆ ಮೇಲೇಳುತ್ತದೆಯೇ, ಪೆಡಲ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ನೋಡುತ್ತಾರೆ.

ಇನ್ನು ಅಂಕ. ವಾರ್ಸಾದಲ್ಲಿ ಅಂತಿಮಕ್ಕೆ ಮುಂಚಿನ ಸುತ್ತುಗಳಿಗೆ 25ರ ಅಳತೆಗೋಲಿನ ಜೊತೆ ಹೌದು-ಅಲ್ಲ ಎಂಬ ಮತವೂ ಇರುತ್ತಿತ್ತು. ಬರೀ ಸರಾಸರಿ ನೆಚ್ಚಿದರೆ ಏನಾಗುತ್ತದೆ? ಒಂಬತ್ತು ತೀರ್ಪುಗಾರರೆಂದುಕೊಳ್ಳಿ. ಒಬ್ಬ ಸ್ಪರ್ಧಿಗೆ ಐವರು 24, ನಾಲ್ವರು 12 ಕೊಟ್ಟರೆ ಒಟ್ಟು 168. ಇನ್ನೊಬ್ಬರಿಗೆ ಒಂಬತ್ತೂ ಮಂದಿ 19 ಕೊಟ್ಟರೆ 171. ಬಹುಮತ ಮೊದಲನೆಯವರ ಕಡೆ, ಗೆಲುವು ಎರಡನೆಯವರದು. ಯಾರನ್ನೂ ಕೆಣಕದೆ ನುಡಿಸುವವರು ಸ್ಪರ್ಧೆಗಳಲ್ಲಿ ಮುಂದೆ ಹೋಗುತ್ತಾರೆಂಬ ಹಳೆಯ ದೂರಿನ ಬೇರು ಇಲ್ಲಿದೆ. ತಪ್ಪು ಕಿವಿಯದಲ್ಲ, ಕೂಡಿಸುವ ಕ್ರಮದ್ದು.

1980ರಲ್ಲಿ ವಾರ್ಸಾದಲ್ಲಿ ಇದು ಬೀದಿಗೆ ಬಂತು. ಇವೋ ಪೊಗೊರೆಲಿಚ್ ಮೂರನೇ ಸುತ್ತಿನಲ್ಲಿ ಹೊರಬಿದ್ದಾಗ ಮಾರ್ತಾ ಅರ್ಗೆರಿಚ್ ತೀರ್ಪುಗಾರರ ಸ್ಥಾನ ಬಿಟ್ಟು ಹೋದರು. ಅದಕ್ಕೂ ಮುಂಚೆ, ತಮ್ಮ ಶಿಷ್ಯರು ಮುಂದಿನ ಸುತ್ತು ತಲುಪಲಿಲ್ಲವೆಂದು ಲೂಯಿ ಕೆಂಟ್ನರ್ ಹೊರನಡೆದಿದ್ದರು. ಆ ವರ್ಷ ಗೆದ್ದ ವಿಯೆಟ್ನಾಮಿನ ಡಾಂಗ್ ಥಾಯ್ ಸನ್ ಹೆಸರಿಗಿಂತ ಸೋತವರ ಹೆಸರೇ ಹೆಚ್ಚು ಓಡಾಡಿತು.

ಅತಿರೇಕದ ಅಂಕಕ್ಕೆ ಕಂಡುಕೊಂಡ ಮದ್ದು ಕತ್ತರಿ. ಸರಾಸರಿ 20, ಅದರಿಂದ ದೂರ ಹೋಗಲು ಮಿತಿ 3 ಅಂಕ ಎಂದಿದ್ದರೆ, 12 ಬರೆದವರ ಅಂಕವನ್ನು 17 ಎಂದು ಎಣಿಸುತ್ತಾರೆ. ದ್ವೇಷದ ಅಂಕ ಇದರಿಂದ ತೂಕ ಕಳೆದುಕೊಳ್ಳುತ್ತದೆ ನಿಜ, ಆದರೆ ಒಬ್ಬರೇ ಗುರುತಿಸಿದ ಪ್ರತಿಭೆಗೆ ಬಿದ್ದ 25 ಕೂಡ ಅದೇ ಕತ್ತರಿಗೆ ಸಿಕ್ಕುತ್ತದೆ.

ಶಿಷ್ಯರ ವಿಷಯ ಇನ್ನೂ ತೊಡಕಿನದು. ಇಂಗ್ಲೆಂಡಿನ ಲೀಡ್ಸ್ ಸ್ಪರ್ಧೆಯನ್ನು 1963ರಲ್ಲಿ ಮೊದಲು ಗೆದ್ದ ಮೈಕೆಲ್ ರೋಲ್, ಅದರ ಸ್ಥಾಪಕಿ ಫ್ಯಾನಿ ವಾಟರ್‌ಮನ್ ಅವರ ಶಿಷ್ಯ. ಈಗ ಗುರುಗಳು ತಮ್ಮ ಶಿಷ್ಯರಿಗೆ ಅಂಕ ಕೊಡುವಂತಿಲ್ಲ. ವಾರ್ಸಾದ ಪಟ್ಟಿಯಲ್ಲಿ ಅಂಥ ಕಡೆ ಅಂಕದ ಬದಲು ‘ಎಸ್’ ಎಂಬ ಅಕ್ಷರ ಇರುತ್ತದೆ. ಇದರಲ್ಲೂ ಒಂದು ತೂತಿದೆ. ಎಲ್ಲರಿಗೂ ಕಡಿಮೆ ಅಂಕ ಕೊಡುವ ಕಟ್ಟುನಿಟ್ಟಿನ ತೀರ್ಪುಗಾರರ ಶಿಷ್ಯರಿಗೆ ಆ ಒಂದು ಕಡಿಮೆ ಅಂಕ ತಪ್ಪುತ್ತದೆ, ಸರಾಸರಿ ತಾನಾಗಿ ಏರುತ್ತದೆ. ಧಾರಾಳಿಯ ಶಿಷ್ಯರಿಗೆ ಇದು ತಿರುಗುಮುರುಗು.

ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆಯಲ್ಲಿ ತೀರ್ಪುಗಾರರು ಪರಸ್ಪರ ಚರ್ಚಿಸುವುದೇ ಇಲ್ಲ. ಅಂತಿಮ 12 ಮಂದಿ ಒಂದು ವಾರ ವಾಟರ್‌ಲೂನಲ್ಲಿ ಹೊರಗಿನ ಸಂಪರ್ಕವಿಲ್ಲದೆ ಕೂತು, ಯಾರೂ ಕೇಳಿರದ ಹೊಸ ಕೃತಿಯೊಂದನ್ನು ಗುರುವಿನ ನೆರವಿಲ್ಲದೆ ಕಲಿಯಬೇಕು. ಇಷ್ಟೆಲ್ಲ ಬಿಗಿ ಇದ್ದರೂ, ಅರ್ಥಶಾಸ್ತ್ರಜ್ಞರಾದ ವಿಕ್ಟರ್ ಗಿನ್ಸ್‌ಬರ್ಗ್ ಮತ್ತು ಯಾನ್ ವಾನ್ ಔರ್ಸ್ 2003ರಲ್ಲಿ ತೋರಿಸಿದಂತೆ, ಚೀಟಿ ಎತ್ತಿ ನಿರ್ಧರಿಸಿದ ಸರದಿಯೇ ಸ್ಥಾನದ ಮೇಲೆ ಪ್ರಭಾವ ಬೀರಿತ್ತು: ಮೊದಲು ನುಡಿಸಿದವರಿಗೆ ನಷ್ಟ, ಆಮೇಲೆ ನುಡಿಸಿದವರಿಗೆ ಲಾಭ. ಹೊಸ ಕೃತಿ ತೀರ್ಪುಗಾರರಿಗೂ ಹೊಸದು. ಮೂರ್ನಾಲ್ಕು ಸಲ ಕೇಳಿದ ಮೇಲೆ ಕಿವಿ ಒಗ್ಗುತ್ತದೆ ಎಂಬ ವಿವರಣೆಯೂ ಇದೆ.

ವಾರ್ಸಾ 2025ರಲ್ಲಿ ಮತ್ತೊಂದು ತಿದ್ದುಪಡಿ ತಂದಿತು. ಅಂತಿಮ ಫಲಿತಾಂಶಕ್ಕೆ ಎಲ್ಲ ಸುತ್ತುಗಳ ಅಂಕ ಸೇರುತ್ತದೆ. ಕೊನೆಯ ಸುತ್ತುಗಳಿಗೆ ತೂಕ ಹೆಚ್ಚು. ಒಂದೇ ಕಾನ್ಚೆರ್ಟೊ (ವಾದ್ಯವೃಂದದ ಜೊತೆ ನುಡಿಸುವ ಕೃತಿ) ಚೆನ್ನಾಗಿ ಬಂದ ರಾತ್ರಿಯ ಬಲದಿಂದ ಮಾತ್ರ ಗೆಲ್ಲುವುದು ಇನ್ನು ಕಷ್ಟ. ಆರಂಭದಲ್ಲಿ ಎಡವಿದವರಿಗೆ ಆ ಹೊರೆ ಕೊನೆವರೆಗೂ ಬೆನ್ನ ಮೇಲಿರುತ್ತದೆ. ಲೆಕ್ಕ ಇಷ್ಟು ಬಿಗಿಯಾಗಿದ್ದರೂ ಆ ವರ್ಷ ತೀರ್ಪುಗಾರರು ಗಂಟೆಗಟ್ಟಲೆ ಕೂತರು. ಎರಿಕ್ ಲು ಗೆದ್ದ ಸುದ್ದಿ ಹೊರಬಿದ್ದದ್ದು ನಡುರಾತ್ರಿ ಕಳೆದ ಮೇಲೆಯೇ.