‘ಜರ್ನಲ್‌ನಲ್ಲಿ ಬಂದಿದೆ’ ಅಂದರೆ ನಂಬಿಬಿಡಬಹುದಾ?

ಪ್ರಶ್ನೆ: ಫೊರೆನ್ಸಿಕ್ ತಜ್ಞರು ಟಿವಿಯಲ್ಲೂ ಕೋರ್ಟಿನಲ್ಲೂ ‘ಈ ವಿಧಾನದ ಬಗ್ಗೆ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಸಂಶೋಧನೆ ಬಂದಿದೆ’ ಅನ್ನುತ್ತಾರೆ. ಅಷ್ಟಾದ ಮೇಲೆ ಅದು ಸರಿ ಅಂತಲೇ ಅಲ್ವಾ?

ಉತ್ತರ: ಅಲ್ಲ. ಜರ್ನಲ್‌ನಲ್ಲಿ ಬಂದಿದೆ ಅಂದರೆ ಸಂಪಾದಕರೂ ಅದೇ ಕ್ಷೇತ್ರದ ಇಬ್ಬರೋ ಮೂವರೋ ಆ ಬರಹ ಓದಿ, ಅಚ್ಚಿಗೆ ಹೋಗಲಿ ಅಂದಿದ್ದಾರೆ, ಅಷ್ಟೇ. ಅವರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. ಎಷ್ಟೋ ಸಲ ಮೂಲ ಅಂಕಿಅಂಶವೂ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಇದು ಎಲ್ಲ ವಿಜ್ಞಾನಕ್ಕೂ ಇರುವ ಮಿತಿ. ಫೊರೆನ್ಸಿಕ್‌ನಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹಲ್ಲಿನ ಕಚ್ಚು ಗುರುತಿನ ಬಗ್ಗೆ ಬರೆದ ಲೇಖನ ಸಾಮಾನ್ಯವಾಗಿ ಪರಿಶೀಲನೆಗೆ ಹೋಗುವುದು ಅದೇ ಕೆಲಸ ಮಾಡುವ ಇನ್ನೊಬ್ಬ ದಂತತಜ್ಞರ ಹತ್ತಿರ. ‘ಚರ್ಮದ ಮೇಲಿನ ಗುರುತಿನಿಂದ ಕಚ್ಚಿದವರನ್ನು ಹಿಡಿಯುವುದು ಸಾಧ್ಯವೇ?’ ಎಂದು ಬುಡದ ಪ್ರಶ್ನೆ ಕೇಳುವವರು ಅಲ್ಲಿ ಕಡಿಮೆ.

2009ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಒಂದು ವರದಿ ಕೊಟ್ಟಿತು. ಡಿಎನ್‌ಎ ಒಂದನ್ನು ಬಿಟ್ಟರೆ ಬೇರಾವ ವಿಧಾನವೂ ‘ಈ ಗುರುತು ಇಂಥವರದೇ’ ಎಂದು ಪ್ರತಿ ಸಲವೂ ಖಚಿತವಾಗಿ ಹೇಳಬಲ್ಲದು ಅನ್ನುವುದು ಕಟ್ಟುನಿಟ್ಟಾಗಿ ಸಾಬೀತಾಗಿಲ್ಲ ಅಂತ ಅದರ ಸಾರ. ಅಷ್ಟು ಹೊತ್ತಿಗೆ ‘ಜರ್ನಲ್ ಆಫ್ ಫೊರೆನ್ಸಿಕ್ ಸೈನ್ಸಸ್’ ಶುರುವಾಗಿಯೇ 50 ವರ್ಷ ದಾಟಿತ್ತು. ಲೇಖನಗಳಿಗೇನೂ ಬರ ಇರಲಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? ಪ್ರಯೋಗ ಮಾಡುವ ರೀತಿಯಲ್ಲಿ. ಪಿಸ್ತೂಲಿನ ಉದಾಹರಣೆ ನೋಡಿ. ಗುಂಡು ಹಾರಿದಾಗ ಖಾಲಿ ತೋಟೆಯ ತಳದ ಮೇಲೆ ಸಣ್ಣ ಸಣ್ಣ ಗೀರು, ಅಚ್ಚು ಬೀಳುತ್ತವೆ. ಸ್ಥಳದಲ್ಲಿ ಸಿಕ್ಕ ತೋಟೆ ಒಂದು ಕಡೆ, ಜಪ್ತಿಯಾದ ಪಿಸ್ತೂಲಿನಿಂದ ಹಾರಿಸಿ ನೋಡಿದ ತೋಟೆ ಇನ್ನೊಂದು ಕಡೆ. ಎರಡನ್ನೂ ಮೈಕ್ರೋಸ್ಕೋಪ್‌ನಲ್ಲಿ ಅಕ್ಕಪಕ್ಕ ಇಟ್ಟು ತಜ್ಞರು ತೀರ್ಮಾನ ಹೇಳುತ್ತಾರೆ. ಹಳೆಯ ಹಲವು ಅಧ್ಯಯನಗಳಲ್ಲಿ ಅವರ ತಪ್ಪು ಹೆಚ್ಚುಕಮ್ಮಿ ಸೊನ್ನೆ. ಆದರೆ ಅಲ್ಲಿ ಕೊಟ್ಟ ಪ್ರತಿ ಮಾದರಿಗೂ ಒಂದು ಜೋಡಿ ಅದೇ ಗುಂಪಿನಲ್ಲೇ ಇರುತ್ತಿತ್ತು. ಶಾಲೆಯ ‘ಹೊಂದಿಸಿ ಬರೆಯಿರಿ’ ನೆನಪಿದೆಯಾ? ನಾಲ್ಕು ಗೊತ್ತಿದ್ದರೆ ಐದನೆಯದಕ್ಕೆ ಓದಿರಲೇಬೇಕು ಅಂತಿಲ್ಲ. ನಿಜವಾದ ಕೇಸಿನಲ್ಲಿ ಈ ಸೌಲಭ್ಯ ಇಲ್ಲ. ಜಪ್ತಿಯಾದ ಪಿಸ್ತೂಲು ಕೊಲೆಗೆ ಬಳಸಿದ್ದೇ ಅಲ್ಲದಿರಬಹುದು.

ಈ ದೋಷ ಇಲ್ಲದ ಅಧ್ಯಯನವೊಂದು 2014ರಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯದಿಂದ ಬಂತು. 218 ತಜ್ಞರು ಭಾಗವಹಿಸಿದ್ದರು. ಬೇರೆ ಬೇರೆ ಪಿಸ್ತೂಲುಗಳ ತೋಟೆಗಳನ್ನು ಹೋಲಿಸಿದ ಸುಮಾರು 2,180 ಸಂದರ್ಭಗಳಲ್ಲಿ 22 ಸಲ ‘ಎರಡೂ ಒಂದೇ’ ಎಂಬ ತಪ್ಪು ಉತ್ತರ ಬಂತು. ಅಂದರೆ ಶೇ 1. ಕಡಿಮೆಯೇ ಅಲ್ವಾ? ಸ್ವಲ್ಪ ತಾಳಿ. ಇನ್ನೂ 735 ಸಲ ತಜ್ಞರು ‘ಹೇಳಲಾಗದು’ ಅಂದಿದ್ದರು. ಅವನ್ನು ಲೆಕ್ಕದಿಂದ ತೆಗೆದರೆ ತಪ್ಪು ಶೇ 1.5 ಆಗುತ್ತದೆ. ಅವನ್ನೂ ತಪ್ಪು ಅಂತ ಹಿಡಿದರೆ ಸುಮಾರು ಶೇ 35. ಪ್ರಯೋಗ ಒಂದೇ, ಅಂಕಿ ಮಾತ್ರ ಮೂರು. ‘ಗೊತ್ತಾಗುತ್ತಿಲ್ಲ’ ಅನ್ನುವುದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗಂತ ಸರಿ ಉತ್ತರದ ಸಾಲಿಗೆ ಸೇರಿಸುವುದೂ ನ್ಯಾಯವಲ್ಲ. ಪರೀಕ್ಷೆ ಅಂತ ಗೊತ್ತಿದ್ದವರು ಕಷ್ಟದ ಪ್ರಶ್ನೆಗಳನ್ನೆಲ್ಲ ‘ಹೇಳಲಾಗದು’ ಅಂತ ಬದಿಗಿಟ್ಟರೆ ತಪ್ಪು ಕಡಿಮೆ ಕಾಣಲೇಬೇಕು. ಅಂದಹಾಗೆ, ಇಷ್ಟು ಮುಖ್ಯವಾದ ಈ ಅಧ್ಯಯನ ಮೊದಲು ಹೊರಬಂದಿದ್ದು ಪ್ರಯೋಗಾಲಯದ ವರದಿಯಾಗಿ. ಜರ್ನಲ್ ಲೇಖನವಾಗಿ ಅಲ್ಲ!

ಬೆರಳಚ್ಚಿನ ಸ್ಥಿತಿ ಇದಕ್ಕಿಂತ ವಾಸಿ. 2011ರಲ್ಲಿ 169 ತಜ್ಞರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಬೇರೆಯವರ ಅಚ್ಚನ್ನು ‘ಒಂದೇ’ ಅಂದ ತಪ್ಪು ಶೇ 0.1, ಒಬ್ಬರದೇ ಅಚ್ಚನ್ನು ‘ಬೇರೆ’ ಅಂದ ತಪ್ಪು ಶೇ 7.5. ಆದರೆ ಅಲ್ಲಿ ತಜ್ಞರಿಗೆ ಕೇಸಿನ ಕಥೆ ಹೇಳಿರಲಿಲ್ಲ. ಕಥೆ ಕಿವಿಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2006ರ ಒಂದು ಪುಟ್ಟ ಪ್ರಯೋಗ ಇದೆ. ಐವರು ತಜ್ಞರಿಗೆ, ಅವರೇ ಹಿಂದೆ ‘ಒಂದೇ’ ಎಂದು ತೀರ್ಮಾನಿಸಿದ್ದ ಅಚ್ಚುಗಳನ್ನು ಮತ್ತೆ ಕೊಟ್ಟರು. ‘ಮ್ಯಾಡ್ರಿಡ್ ರೈಲು ಸ್ಫೋಟದ ಕೇಸಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬೇರೆಯವರ ಬೆರಳಚ್ಚನ್ನು ‘ಒಂದೇ’ ಅಂದು ಎಡವಿತ್ತಲ್ಲ, ಅದೇ ಅಚ್ಚುಗಳು ಇವು’ ಅಂತ ಸುಳ್ಳು ಹೇಳಿದರು. ನಾಲ್ವರು ತಮ್ಮ ಮೊದಲಿನ ಮಾತಿಗೆ ನಿಲ್ಲಲಿಲ್ಲ. ಐದೇ ಜನರ ಪ್ರಯೋಗದಿಂದ ಶೇಕಡಾ ಲೆಕ್ಕ ಹಾಕಬಾರದು, ನಿಜ. ಆದರೆ ಇಂಥದ್ದು ಆಗಬಹುದು ಅಂತ ತೋರಿಸಲು ಐದು ಜನ ಸಾಕು.

ನಮ್ಮಲ್ಲಿನ ಕಥೆ ಇದಕ್ಕೆ ಉಲ್ಟಾ. ಇಲ್ಲಿ ಸಂಶೋಧನೆ ಗಟ್ಟಿಯಾಗುವ ಮೊದಲೇ ವಿಧಾನ ಕೋರ್ಟಿಗೆ ಬಂದಿತ್ತು. ಘಟನೆಯ ಮಾತು ಕೇಳಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ‘ಬ್ರೈನ್ ಮ್ಯಾಪಿಂಗ್’ ಸುದ್ದಿಯಲ್ಲಿದ್ದ ಕಾಲ ಅದು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಕೇಸಿನ ತೀರ್ಪಿನಲ್ಲಿ ಇಂಥ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿ ಬಳಸಿತು. ಸ್ವತಂತ್ರವಾಗಿ ಬೇರೆಯವರು ಮಾಡಿ ನೋಡಿಲ್ಲವಲ್ಲ ಅಂತ ಹೊರದೇಶದ ನರವಿಜ್ಞಾನಿಗಳು ಆಕ್ಷೇಪಿಸಿದರು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿಯೂ ಇಂಥ ಪರೀಕ್ಷೆಗಳನ್ನು ಸಾಕ್ಷ್ಯವಾಗಿ ಬಳಸಬಾರದು ಅಂತ ಹೇಳಿತು. 2010ರಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು.

ಕಾನೂನಿನಲ್ಲೂ ಒಂದು ವ್ಯತ್ಯಾಸ ಇದೆ. ಅಮೆರಿಕದ ಸುಪ್ರೀಂ ಕೋರ್ಟು 1993ರ ಡಾಬರ್ಟ್ ತೀರ್ಪಿನಲ್ಲಿ ಪ್ರಕಟಣೆಯ ಜೊತೆಗೆ ತಪ್ಪಿನ ಪ್ರಮಾಣವನ್ನೂ ನೋಡಿ ಎಂದಿತ್ತು. ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಕೇಳುವುದು ವ್ಯಕ್ತಿಗೆ ಆ ವಿಷಯದಲ್ಲಿ ವಿಶೇಷ ಪರಿಣತಿ ಇದೆಯೇ ಅಂತ. ವಿಧಾನವನ್ನು ಅಳೆಯಲು ಡಾಬರ್ಟ್‌ನಂಥ ಪ್ರಶ್ನೆಗಳ ಪಟ್ಟಿ ಅಲ್ಲಿಲ್ಲ. ಹಾಗಾಗಿ ಆ ಪ್ರಶ್ನೆಗಳನ್ನು ಪಾಟಿಸವಾಲಿನಲ್ಲಿ ವಕೀಲರೇ ಎತ್ತಬೇಕು.

ನೀವೇ ಲೇಖನ ಓದುವುದಾದರೆ ಸಾರಾಂಶ ಬಿಟ್ಟು ನೇರವಾಗಿ ವಿಧಾನದ ಭಾಗಕ್ಕೆ ಹೋಗಿ. ಸರಿ ಉತ್ತರ ಯಾವುದು ಅಂತ ಪ್ರಯೋಗ ಮಾಡಿದವರಿಗೆ ಮೊದಲೇ ಗೊತ್ತಿತ್ತಾ (ಗೊತ್ತಿದ್ದರೆ ಮಾತ್ರ ತಪ್ಪನ್ನು ಎಣಿಸಬಹುದು), ಜೋಡಿ ಇಲ್ಲದ ಮಾದರಿಗಳನ್ನೂ ಕೊಟ್ಟಿದ್ದರಾ, ‘ಹೇಳಲಾಗದು’ ಅನ್ನುವುದನ್ನು ಯಾವ ಲೆಕ್ಕಕ್ಕೆ ಹಾಕಿದ್ದಾರೆ ಅಂತ ಹುಡುಕಿ. ಜರ್ನಲ್ ಲೇಖನಕ್ಕೆ ದುಡ್ಡು ಕೇಳಿದರೆ ಬೇಸರ ಬೇಡ. 2009ರ ಆ ವರದಿಯೂ, 2016ರಲ್ಲಿ ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಕೊಟ್ಟ ವರದಿಯೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎರಡನೆಯದರಿಂದ ಶುರು ಮಾಡಿ. ಕಚ್ಚು ಗುರುತು, ಬೆರಳಚ್ಚು, ಬಂದೂಕು, ಶೂ ಗುರುತು ಒಂದೊಂದಕ್ಕೂ ಅಲ್ಲಿ ಬೇರೆ ಬೇರೆ ಭಾಗ ಸಿಗುತ್ತದೆ.