ಎಂಟಕ್ಕಿಂತ ಮುಂಚಿನ ಚೆಂಡು

ಪೂಲ್ ಕಲಿಸುವ ಕೆಲಸದಲ್ಲಿ ಒಂದು ದೃಶ್ಯ ನನಗೆ ವಾರಕ್ಕೆ ಎರಡು ಸಲವಾದರೂ ಕಾಣುತ್ತದೆ. ಏಟ್ ಬಾಲ್ ಆಟ ನಡೆಯುತ್ತಿದೆ, ಅಂದರೆ ತನ್ನ ಏಳು ಚೆಂಡುಗಳನ್ನು ಪಾಕೆಟ್‌ಗೆ ಹಾಕಿ, ಕೊನೆಗೆ 8ನೇ ನಂಬರಿನ ಚೆಂಡನ್ನು ಹಾಕಿದವರು ಗೆಲ್ಲುವ ಆಟ. ಹುಡುಗ ಚೆನ್ನಾಗಿಯೇ ಆಡುತ್ತಿದ್ದಾನೆ. ತನ್ನ ಏಳು ಚೆಂಡುಗಳಲ್ಲಿ ಐದು ಹೋಗಿವೆ. ಆರನೆಯದು ಸೈಡ್ ಪಾಕೆಟ್ (ಉದ್ದ ಬದಿಯ ನಡುವಿನ ತೂತು) ಬಾಯಲ್ಲೇ ಕೂತಿದೆ, ಊದಿದರೆ ಬೀಳುವ ಹಾಗೆ. ಅದನ್ನೂ ಹಾಕುತ್ತಾನೆ. ಆಮೇಲೆ ತಲೆ ಎತ್ತಿ ನೋಡುತ್ತಾನೆ. ಏಳನೆಯ ಚೆಂಡು ಒಂದು ತುದಿಯಲ್ಲಿ ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ) ಅಂಟಿಕೊಂಡಿದೆ, 8 ಇನ್ನೊಂದು ತುದಿಯಲ್ಲಿದೆ. ನನ್ನ ಕಡೆ ತಿರುಗಿ, "ಸರ್, ಇಲ್ಲಿ ಸ್ಪಿನ್ ಹೇಗೆ ಕೊಡ್ಬೇಕು?" ಅಂತ ಕೇಳುತ್ತಾನೆ.

ಸ್ಪಿನ್ ಹೇಳಿಕೊಡಬಹುದು. ಆದರೆ ಆ ರ‍್ಯಾಕ್ (ಆ ಸುತ್ತು) ಕೆಟ್ಟಿದ್ದು ಈ ಶಾಟ್‌ನಲ್ಲಲ್ಲ. ಬಾಯಲ್ಲಿ ಕೂತಿದ್ದ ಆ ಸುಲಭದ ಚೆಂಡನ್ನು ಆಗಲೇ ಹಾಕಿ ಕಳೆದುಕೊಂಡಾಗಲೇ ಕೆಟ್ಟಿತ್ತು.

ಬಹಳ ಜನ ಲೆಕ್ಕವನ್ನು ಮುಂದಕ್ಕೆ ಹಾಕುತ್ತಾರೆ. ಈಗ ಇದು, ಆಮೇಲೆ ಅದು, ಮಿಕ್ಕಿದ್ದು ನೋಡಿಕೊಳ್ಳೋಣ. ರ‍್ಯಾಕ್ ಮುಗಿಸುವ ಲೆಕ್ಕ ಹಿಂದಿನಿಂದ ಶುರುವಾಗಬೇಕು. ಮೊದಲು 8 ಯಾವ ಪಾಕೆಟ್‌ಗೆ ಹೋಗುತ್ತದೆ ಅಂತ ನೋಡಿ. ಅದಕ್ಕೆ ವೈಟ್, ಅಂದರೆ ಕೋಲಿನಿಂದ ಹೊಡೆಯುವ ಬಿಳಿ ಚೆಂಡು, ಎಲ್ಲಿ ನಿಲ್ಲಬೇಕು ಅಂತ ನೋಡಿ. ಆಮೇಲೆ, ನನ್ನ ಚೆಂಡುಗಳಲ್ಲಿ ಯಾವುದನ್ನು ಹಾಕಿದರೆ ವೈಟ್ ಜಾಸ್ತಿ ಓಡಾಡದೆ ಆ ಜಾಗದಲ್ಲಿ ನಿಲ್ಲುತ್ತದೆ ಅಂತ ಹುಡುಕಿ. ಅದೇ ಕೀ ಬಾಲ್. ಅದನ್ನು ಮುಟ್ಟಬೇಡಿ. ಅದು ಎಷ್ಟೇ ಸುಲಭವಾಗಿ ಕಂಡರೂ ಮುಟ್ಟಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರು ತಲೆ ಆಡಿಸುತ್ತಾರೆ, ಮುಂದಿನ ರ‍್ಯಾಕ್‌ನಲ್ಲಿ ಮತ್ತೆ ಅದನ್ನೇ ಮೊದಲು ಹಾಕುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ, ಟೇಬಲ್ ಮೇಲೆ ಇಟ್ಟೇ ನೋಡಿ. ಒಂಬತ್ತು ಅಡಿ ಟೇಬಲ್‌ನಲ್ಲಿ ಆಡುವ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಅಂದರೆ ಎರಡು ಸಮ ಚೌಕ ಜೋಡಿಸಿದ ಹಾಗೆ. ರ‍್ಯಾಕ್‌ನ ಮೊದಲ ಚೆಂಡು ಕೂರುವ ಫುಟ್ ಸ್ಪಾಟ್ ಆ ಕಡೆಯ ಚೌಕದ ಸರಿಯಾಗಿ ನಡುವೆ ಬರುತ್ತದೆ. ಹಾಗಾಗಿ ಎಡಗಡೆಯ ಸೈಡ್ ಪಾಕೆಟ್, ಫುಟ್ ಸ್ಪಾಟ್, ಆ ತುದಿಯ ಬಲ ಕಾರ್ನರ್ ಪಾಕೆಟ್ ಮೂರೂ ಒಂದೇ ಗೆರೆಯಲ್ಲಿವೆ. ಈಗ 8 ಆ ಸ್ಪಾಟ್ ಮೇಲೆ ನಿಂತಿದೆ ಅಂದುಕೊಳ್ಳಿ. ನಿಮ್ಮ ಒಂದು ಚೆಂಡು ಎಡ ಸೈಡ್ ಪಾಕೆಟ್ ಬಾಯಲ್ಲಿದೆ. ಅದನ್ನು ಹಾಕಿ ವೈಟನ್ನು ಅಲ್ಲೇ ನಿಲ್ಲಿಸಿದರೆ 8 ಬಲ ಕಾರ್ನರ್‌ಗೆ ಹೆಚ್ಚುಕಡಿಮೆ ನೇರ. ವೈಟ್ ಒಂದು ಗೇಣು ಹಿಂದೆ ಸರಿದರೂ ಆಂಗಲ್ ಸುಮಾರು 15 ಡಿಗ್ರಿ, ಅಷ್ಟೇ. ಇಷ್ಟು ತಪ್ಪು ಮಾಡಲು ಜಾಗ ಕೊಡುವ ಚೆಂಡು ಟೇಬಲ್ ಮೇಲೆ ಇನ್ನೊಂದಿಲ್ಲ. ಸುಲಭವಾಗಿದೆ ಅನ್ನುವ ಕಾರಣಕ್ಕೇ ಅದನ್ನು ಉಳಿಸಿಕೊಳ್ಳಬೇಕು. ಬಾಯಲ್ಲಿ ಕೂತ ಚೆಂಡನ್ನು ಯಾವ ದಿಕ್ಕಿನಿಂದ ಬಂದರೂ ಹಾಕಬಹುದು, ಹಾಗಾಗಿ ಅದಕ್ಕೆ ಪೊಸಿಷನ್ ಮಾಡುವುದೂ (ವೈಟನ್ನು ಬೇಕಾದ ಜಾಗಕ್ಕೆ ತರುವುದೂ) ಸುಲಭ. ಮೇಲಾಗಿ ಅದು ಅಲ್ಲಿರುವಷ್ಟು ಹೊತ್ತು ಎದುರಾಳಿಗೆ ಆ ಪಾಕೆಟ್ ಸರಿಯಾಗಿ ಸಿಗುವುದಿಲ್ಲ.

ಯಾವಾಗಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆ ಚೆಂಡು ನಿಮ್ಮದೇ ಬೇರೆ ಚೆಂಡುಗಳ ದಾರಿಗೆ ಅಡ್ಡ ಇದ್ದರೆ ಮೊದಲೇ ತೆಗೆಯಬೇಕಾಗಬಹುದು. ಎರಡು ಚೆಂಡು ಅಂಟಿಕೊಂಡಿದ್ದರೆ ಅದನ್ನು ಬಿಡಿಸುವ ಕೆಲಸವೇ ಮೊದಲು. ಕುಶನ್‌ಗೆ ಅಂಟಿದ್ದನ್ನು ಕೊನೆಗೆ ಅಂತ ಇಟ್ಟುಕೊಳ್ಳುವುದು ಬಹುತೇಕ ತಪ್ಪು. ಇನ್ನೂ ಆಯ್ಕೆಗಳು ಇರುವಾಗಲೇ ಅದನ್ನು ಮುಗಿಸಿ.

ಆಂಗಲ್ ಬಗ್ಗೆಯೂ ಒಂದು ಮಾತು. ವೈಟ್ ಪ್ರತಿ ಚೆಂಡಿಗೂ ನೇರವಾಗಿ ಬಂದರೆ ಒಳ್ಳೆಯದು ಅಂತ ಹೊಸಬರು ನಂಬಿರುತ್ತಾರೆ. ನೇರ ಇದ್ದರೆ ವೈಟ್ ನಿಲ್ಲಬಹುದು, ಅದೇ ಗೆರೆಯಲ್ಲಿ ಮುಂದೆ ಹೋಗಬಹುದು ಇಲ್ಲವೇ ಹಿಂದೆ ಬರಬಹುದು. ಪಕ್ಕಕ್ಕೆ ಹೋಗಲು ದಾರಿಯೇ ಇಲ್ಲ. ಚಿಕ್ಕ ಆಂಗಲ್ ಇದ್ದರೆ ಮೆಲ್ಲಗೆ ಉರುಳಿಸಿದರೂ ವೈಟ್ ಬೇರೆ ಕಡೆಗೆ ಹೊರಡುತ್ತದೆ. ಗುರಿಯ ಚೆಂಡಿನ ಅರ್ಧಕ್ಕೆ ಮಾತ್ರ ವೈಟ್ ಎದುರಾಗುವ, ಅರ್ಧ ಚೆಂಡಿನ ಆಸುಪಾಸಿನ ಹೊಡೆತದಲ್ಲಿ ಉರುಳುವ ವೈಟ್ ತನ್ನ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ, ಸ್ಟನ್ ಮಾಡಿದರೆ, ಅಂದರೆ ತಾಗುವ ಹೊತ್ತಿಗೆ ವೈಟ್ ಉರುಳದೆ ಜಾರುತ್ತಿದ್ದರೆ, ಆ ಚೆಂಡು ಹೋದ ದಾರಿಗೆ 90 ಡಿಗ್ರಿಯಲ್ಲಿ ಹೊರಡುತ್ತದೆ. 8ಕ್ಕೆ ಮಾತ್ರ ನೇರ ಬಂದರೆ ಚೆಂದ, ಅದರ ನಂತರ ವೈಟ್ ಎಲ್ಲಿಗೂ ಹೋಗಬೇಕಿಲ್ಲ ಅಲ್ವಾ? ಆದರೆ ಫಾಲೋ (ವೈಟ್ ಮುಂದಕ್ಕೆ ಹೋಗುವ ಸ್ಪಿನ್) ಕೊಡಬೇಡಿ, ನಿಲ್ಲಿಸಿ. 8ರ ಹಿಂದೆಯೇ ವೈಟೂ ಬಿದ್ದರೆ ಆಟ ಹೋಯಿತು.

ಕೀ ಬಾಲ್ ಲೆಕ್ಕವನ್ನು ಅತಿ ಕಟ್ಟುನಿಟ್ಟಾಗಿ ಪಾಲಿಸುವವರು ಸ್ಟ್ರೈಟ್ ಪೂಲ್ ಆಡುವವರು, ಅಂದರೆ ಯಾವ ಚೆಂಡನ್ನಾದರೂ ಹಾಕಿ ಒಂದೊಂದಕ್ಕೆ ಒಂದು ಅಂಕ ಪಡೆಯುವ ಆಟದವರು. ಅಲ್ಲಿ 14 ಚೆಂಡು ಹಾಕಿದ ಮೇಲೆ ಆ 14ನ್ನು ಮತ್ತೆ ಜೋಡಿಸುತ್ತಾರೆ, 15ನೆಯದು ಇದ್ದಲ್ಲೇ ಇರುತ್ತದೆ. ಅದನ್ನು ಹಾಕುತ್ತಲೇ ಹೊಸ ರ‍್ಯಾಕ್ ಒಡೆಯಬೇಕು. ಹಾಗಾಗಿ ಒಡೆಯುವ ಚೆಂಡು ಯಾವುದು, ಅದಕ್ಕೆ ವೈಟನ್ನು ತಂದುಕೊಡುವ ಚೆಂಡು ಯಾವುದು ಅಂತ ರ‍್ಯಾಕ್ ಅರ್ಧ ಇರುವಾಗಲೇ ಗುರುತಿಸಿ ಕಾಪಾಡುತ್ತಾರೆ. ಅಮೆರಿಕದ ಆಟಗಾರ ವಿಲ್ಲಿ ಮಾಸ್ಕೋನಿ 1954ರಲ್ಲಿ ಒಂದೇ ಸರದಿಯಲ್ಲಿ 526 ಚೆಂಡು ಹಾಕಿದರು. ಸ್ಕಾಟ್ಲೆಂಡಿನ ಆಟಗಾರ ಜೇಸನ್ ಶಾ 2022ರಲ್ಲಿ 714 ಹಾಕಿದರು. 14ರ ಲೆಕ್ಕದಲ್ಲಿ ಅದು 51 ರ‍್ಯಾಕ್. ಪ್ರತಿಯೊಂದರ ಕೊನೆಯಲ್ಲೂ ಆ ಎರಡು ಚೆಂಡು ಸರಿಯಾದ ಜಾಗದಲ್ಲಿ ಉಳಿದಿರಬೇಕಿತ್ತು. ಸುಮ್ನೆ ಚೆಂಡು ಹಾಕುತ್ತಾ ಹೋದರೆ ಇದು ಆಗುವ ಮಾತೇ ಅಲ್ಲ.

ನನ್ನ ಹತ್ತಿರ ಒಬ್ಬ ಹಿರಿಯ ಮಹಿಳೆ ಕಲಿಯಲು ಬರುತ್ತಿದ್ದರು. ಅವರ ಡ್ರಾ (ವೈಟನ್ನು ಹಿಂದಕ್ಕೆ ತರುವ ಸ್ಪಿನ್) ಒಂದಡಿ ಹಿಂದೆ ಬಂದರೆ ದೊಡ್ಡದು. ಬ್ಯಾಂಕ್ ಶಾಟ್ (ಚೆಂಡನ್ನು ಕುಶನ್ನಿಗೆ ಬಡಿಸಿ ಹಾಕುವುದು) ಆಡುತ್ತಲೇ ಇರಲಿಲ್ಲ. ಆದರೆ ಬ್ರೇಕ್ (ಜೋಡಿಸಿದ ಚೆಂಡುಗಳನ್ನು ಒಡೆಯುವ ಮೊದಲ ಹೊಡೆತ) ಆದ ಮೇಲೆ ಅವರು ನೇರ 8ರ ಪಕ್ಕ ಹೋಗಿ ನಿಲ್ಲುತ್ತಿದ್ದರು. ಅಲ್ಲಿಂದ ಬೆರಳು ತೋರಿಸುತ್ತಾ, "ಇದಕ್ಕೆ ಬರೋಕೆ ಅದು, ಅದಕ್ಕೆ ಬರೋಕೆ ಅದು" ಅಂತ ಮೂರು ಚೆಂಡು ಹಿಂದಕ್ಕೆ ಎಣಿಸುತ್ತಿದ್ದರು. ಪಕ್ಕದ ಟೇಬಲ್‌ನಲ್ಲಿ ವೈಟನ್ನು ಇಡೀ ಟೇಬಲ್ ಉದ್ದ ಹಿಂದಕ್ಕೆ ತರಬಲ್ಲ ಹುಡುಗನೊಬ್ಬನಿದ್ದ. ಅವನ ಕೈ ನನಗೂ ಇಷ್ಟ. ಇಬ್ಬರೂ ಆಡಿದಾಗ ಆ ಅಮ್ಮನೇ ಜಾಸ್ತಿ ಗೆದ್ದರು. ಹುಡುಗ ಮೊದಮೊದಲು ಅದೃಷ್ಟ ಅಂದ. ಒಂದು ತಿಂಗಳಾದ ಮೇಲೆ ಅವನೂ 8ರ ಪಕ್ಕ ಹೋಗಿ ನಿಲ್ಲಲು ಶುರು ಮಾಡಿದ.

ಅಭ್ಯಾಸಕ್ಕೆ 8 ಮತ್ತು ಇನ್ನೆರಡು ಚೆಂಡು ಸಾಕು. ಟೇಬಲ್ ಮೇಲೆ ಉರುಳಿಸಿ ಬಿಡಿ, ವೈಟನ್ನು ಬೇಕಾದಲ್ಲಿ ಇಟ್ಟುಕೊಳ್ಳಿ. ಹೊಡೆಯುವ ಮೊದಲು ಕ್ರಮವನ್ನು ಬಾಯಿಬಿಟ್ಟು ಹೇಳಿ, 8ರಿಂದ ಹಿಂದಕ್ಕೆ. ತಪ್ಪಿದರೆ ಚೆಂಡುಗಳನ್ನು ಮತ್ತೆ ಅದೇ ಜಾಗದಲ್ಲಿ ಇಡಿ. ಮೊದಲು ಇದ್ದ ಜಾಗಕ್ಕೆ ಸೀಮೆಸುಣ್ಣದ ಚಿಕ್ಕ ಗುರುತು ಹಾಕಿಕೊಂಡರೆ ಸಾಕು. ಈಗ ಜೋರಾಗಿ ಹೊಡೆಯಲು ಹೋಗಬೇಡಿ, ಸ್ಪಿನ್ ಜಾಸ್ತಿ ಮಾಡಬೇಡಿ. ಕ್ರಮ ಮಾತ್ರ ಬದಲಿಸಿ ನೋಡಿ. ಹತ್ತು ಸಲದಲ್ಲಿ ಏಳೆಂಟು ಸಲ ಮುಗಿಯುವವರೆಗೆ ನಾಲ್ಕನೆಯ ಚೆಂಡನ್ನು ಟೇಬಲ್ ಮೇಲೆ ತರಬೇಡಿ.